ಮಾಮನ ದಾರಿ, ದೊಡ್ಡಮ್ಮನ ದಾರಿ

ಸೃಜನ್‌ನನ್ನು ಮದುವೆಯಾಗುತ್ತೇನೆ ಎಂದು ನಾನು ಅಮ್ಮನಿಗೆ ಹೇಳಿದ್ದು ಒಂದು ಶನಿವಾರ ಬೆಳಿಗ್ಗೆ, ಅವಳು ನೀರುದೋಸೆ ಎರೆಯುತ್ತಿದ್ದಾಗ. ಇಂಥ ಸುದ್ದಿಯನ್ನು ಅಮ್ಮನ ಕೈ ಕೆಲಸದಲ್ಲಿರುವಾಗಲೇ ಹೇಳಬೇಕು. ಕೈ ಖಾಲಿಯಿದ್ದರೆ ಹಣೆ ಬಡಿದುಕೊಳ್ಳುತ್ತಾಳೆ. ಆ ದಿನ ಸೌಟು ಹಿಡಿದ ಕೈಯಲ್ಲೇ ಬಡಿದುಕೊಂಡಳು. ಹಣೆಯಿಂದ ಮೂಗಿನವರೆಗೆ ಹಿಟ್ಟು ಇಳಿಯಿತು.

"ಅಯ್ಯೋ ದೇವರೇ! ಅವ ನಿಂಗೆ ಅಣ್ಣ ಆಗ್ಬೇಕು ಮಾರಾಯ್ತಿ!"

ಸೃಜನ್ ಎಂದರೆ ಚೆನ್ನಯ ಮಾಮ ಮತ್ತು ಗುಲಾಬಿ ದೊಡ್ಡಮ್ಮನ ಒಬ್ಬನೇ ಮಗ. ಆಂಟಾಪ್ ಹಿಲ್‌ನ ನಮ್ಮ ಕಾಲೊನಿಯಲ್ಲಿ ಮೊದಲು ಅವರದು ಎದುರು ಬಾಗಿಲು. ಅಪ್ಪನೂ ಮಾಮನೂ ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಜೊತೆಗೆ ದುಡಿದವರು. ನಾನು ಎರಡನೆಯ ಕ್ಲಾಸಿನಲ್ಲಿದ್ದಾಗ ಮಾಮ ಮುಲುಂಡಿನಲ್ಲಿ ಸ್ವಂತ ಹೋಟೆಲ್ ಇಟ್ಟು ಸಂಸಾರ ಸಮೇತ ಅತ್ತ ಹೋದರು. ಅಪ್ಪ ಇನ್ನೂ ಫೋರ್ಟಿನಲ್ಲೇ ಕ್ಯಾಶಿನಲ್ಲಿ ಕೂರುತ್ತಾರೆ. ಅಮ್ಮ ಕುಂದಾಪುರದ ಕಡೆಯವಳು, ಅವರು ಮೂಲ್ಕಿಯವರು. ಜಾತಿ ಒಂದೇ ಆದರೂ ತಾಯಿಯಿಂದ ಮಕ್ಕಳಿಗೆ ಬರುವ ಬಳಿ, ಅಂದರೆ ಗೋತ್ರ, ಬೇರೆ. ಅವರ ಮನೆಮಾತು ತುಳು, ನಮ್ಮದು ಕನ್ನಡ. ದುರ್ಬೀನು ಹಾಕಿ ಹುಡುಕಿದರೂ ಎರಡು ಮನೆಯ ನಡುವೆ ಒಂದು ತೊಟ್ಟು ರಕ್ತಸಂಬಂಧ ಸಿಗುವುದಿಲ್ಲ. ಮುಂಬೈಗೆ ಬಂದ ಮೇಲೆ ಬಾಯಿಂದ ಹುಟ್ಟಿದ ನೆಂಟಸ್ತಿಕೆ ಅದು.

ಇದನ್ನೇ ಅಮ್ಮನಿಗೆ ಹೇಳಿದೆ.

"ರಕ್ತ ಎಂತಕ್ಕೆ?" ಅಂದಳು ಅಮ್ಮ. "ಇಷ್ಟು ವರ್ಷ ಬಾಯಿ ತುಂಬ ಅಕ್ಕ ಅಂತ ಕರ್ದಿದ್ದೇನೆ. ಅಕ್ಕನ ಮಗನಿಗೆ ಮಗಳನ್ನು ಕೊಡ್ಲಿಕ್ಕೆ ಉಂಟಾ? ಜನ ಎಂತ ಹೇಳ್ತಾರೆ? ಜನ ಬಿಡು, ನಂಗೇ ಮನಸ್ಸು ಬರುದಿಲ್ಲ."

ಅಪ್ಪ ಪೇಪರಿನ ಹಿಂದೆ ಅಡಗಿದರು. ಮನೆಯಲ್ಲಿ ಯುದ್ಧವಾದಾಗಲೆಲ್ಲ ಅವರಿಗೆ ಷೇರುಪೇಟೆಯ ಪುಟದಲ್ಲಿ ಆಸಕ್ತಿ ಹುಟ್ಟುತ್ತದೆ. ಅವರ ಹತ್ತಿರ ಒಂದೇ ಒಂದು ಷೇರೂ ಇಲ್ಲ.

ಸೃಜನ್ ನನಗೆ ಮತ್ತೆ ಸಿಕ್ಕಿದ್ದು ನನ್ನ ಗಣಿತದಿಂದ. ನಾನು ಪಿಎಚ್‌ಡಿ ಮಾಡುತ್ತಿದ್ದೇನೆ. ಚಿಮಣಿಯ ಹೊಗೆಯನ್ನು ಗಾಳಿ ಹೊತ್ತೊಯ್ಯುತ್ತದೆ, ಜೊತೆಗೆ ಅದು ತಾನಾಗಿಯೂ ಸುತ್ತ ಹರಡುತ್ತದೆ, ದಾರಿಯಲ್ಲಿ ಮತ್ತೊಂದರೊಡನೆ ಕೂಡಿ ಹೆಚ್ಚುತ್ತದೆ ಇಲ್ಲವೇ ಕರಗುತ್ತದೆ. ಈ ಮೂರನ್ನೂ ಒಟ್ಟಿಗೆ ಹಿಡಿಯುವ ಸಮೀಕರಣಗಳು ನನ್ನ ವಿಷಯ. ಬೇರೆಯವರು ಹೊಗೆ ನೋಡಿ ಸಮೀಕರಣ ಬರೆಯುತ್ತಾರೆ. ನಾನು ಹೊಗೆಯ ಮುಖವನ್ನೂ ನೋಡದೆ, ಬಾಗಿದ ಮೇಲ್ಮೈಗಳ ಜ್ಯಾಮಿತಿಯಿಂದ ಅದನ್ನು ಹೊರತೆಗೆಯುತ್ತೇನೆ. ಸೃಜನ್‌ಗೆ ಗಾಳಿಯ ಮಾಲಿನ್ಯ ಅಳೆಯುವ ಕಂಪನಿಯಲ್ಲಿ ಕೆಲಸ. ಏನಾದರೂ ಉಪಯೋಗವಾದೀತೆಂದು ನಮ್ಮ ಸಂಸ್ಥೆಯಲ್ಲಿ ನನ್ನ ಸೆಮಿನಾರು ಕೇಳಲು ಬಂದ. ಒಂದಕ್ಷರ ಅರ್ಥವಾಗಲಿಲ್ಲ. ಮುಂದಿನ ಸೆಮಿನಾರಿಗೂ ಬಂದ. ಅರ್ಥವಾಗದಿದ್ದರೂ ಬರುವ ಗಂಡಸನ್ನು ಬಿಟ್ಟುಕೊಡಬಾರದು ಎಂದು ಅಂದೇ ನಿರ್ಧರಿಸಿದೆ.

ನನ್ನ ಸಮೀಕರಣ ನಮ್ಮ ಕಟ್ಟಡದಲ್ಲೇ ಓಡಾಡುವುದನ್ನು ಮಾತ್ರ ಆ ಶನಿವಾರವೇ ಕಂಡದ್ದು. ಅಮ್ಮ ದೊಡ್ಡಮ್ಮನಿಗೆ ಫೋನ್ ಮಾಡಿ ಅತ್ತಳು. ಆ ಸುದ್ದಿ ಅಡುಗೆಮನೆಯ ಕಿಟಕಿಯಿಂದ ಮೇಲಿನ ಮನೆಯ ರಂಜನಾ ಕಾಕುಗೆ ತಲುಪಿತು. ಅಲ್ಲಿಂದ ಲಿಫ್ಟು ಅದನ್ನು ಹೊತ್ತುಕೊಂಡು ಹೋಯಿತು, ಪ್ರತಿ ಮಹಡಿಯಲ್ಲೂ ಅಷ್ಟಷ್ಟು ಹರಡಿತು, ಪ್ರತಿ ಬಾಯಲ್ಲೂ ಇಷ್ಟಿಷ್ಟು ಬೆಳೆಯಿತು. ದೊಡ್ಡದಾದಷ್ಟೂ ಅದರ ವೇಗವೂ ಹೆಚ್ಚಿತು. ಸಂಜೆ ನಾನು ಹಾಲು ತರಲು ಇಳಿದಾಗ, ನಾನಾಗಲೇ ಬಾಂದ್ರಾದಲ್ಲಿ ರಿಜಿಸ್ಟರ್ ಮದುವೆ ಮುಗಿಸಿದ್ದೇನೆಂದು ವಾಚ್‌ಮನ್ ಪೇಡಾ ಕೇಳಿದ.

ಅಷ್ಟರಲ್ಲಿ ಚೆನ್ನಯ ಮಾಮನ ಫೋನು.

"ಹರಿಣೀ, ನಿನ್ನ ಅಮ್ಮನಿಗೆ ತಲೆ ಸಮ ಉಂಟಾ? ನಾನು ಅವಳಿಗೆ ಅಣ್ಣ ಅಲ್ವಾ? ನಾನು ನಿಂಗೆ ಮಾಮ ಅಲ್ವಾ? ಮಾಮನ ಮಗ ಅಂದ್ರೆ ಕೇಳಿ ಮಾಡುವ ಸಂಬಂಧ! ಹಕ್ಕಿನದ್ದು!"

ಹಿಂದಿನಿಂದ ದೊಡ್ಡಮ್ಮನ ದನಿ ಕೇಳಿತು. "ಎಂತ ಹಕ್ಕು? ಅವಳು ನನ್ನ ತಂಗಿಯ ಮಗಳು! ಫೋನ್ ಇಡಿ ನೀವು!"

ಫೋನು ಇಟ್ಟರು. ಮಾಮ ಹೋಟೆಲಿನಲ್ಲಿ ಸಿಂಹ, ಮನೆಯಲ್ಲಿ ಹೇಳಿದ್ದಷ್ಟೇ ಮಾಡುವ ಮನುಷ್ಯ.

ವಿಷಯ ಇಷ್ಟೇ. ನಮ್ಮ ಕಡೆ ತಾಯಿಯ ಅಣ್ಣನ ಮಗ ವರ, ತಾಯಿಯ ಅಕ್ಕನ ಮಗ ಅಣ್ಣ. ಮಾಮನ ದಾರಿ ಹಿಡಿದರೆ ಸೃಜನ್ ನನಗೆ ಗಂಡನಾಗಬಹುದು. ದೊಡ್ಡಮ್ಮನ ದಾರಿ ಹಿಡಿದರೆ ಅವನಿಗೆ ನಾನು ರಾಖಿ ಕಟ್ಟಬೇಕು. ಅಮ್ಮಂದಿರಿಬ್ಬರೂ ಜಗಳವಾಡಿದ್ದರೆ ಯಾರಾದರೂ ಒಬ್ಬರನ್ನು ಒಲಿಸಿಕೊಳ್ಳಬಹುದಿತ್ತು. ಇವರು ದಿನಾ ಫೋನಿನಲ್ಲಿ ಒಟ್ಟಿಗೆ ಅಳುತ್ತಿದ್ದರು, ಒಬ್ಬರನ್ನೊಬ್ಬರು ಸಮಾಧಾನ ಮಾಡುತ್ತಿದ್ದರು, ಕೊನೆಗೆ ಸಾರಿಗೆ ಏನು ಹಾಕಿದೆ ಎಂದು ಕೇಳಿ ಇಡುತ್ತಿದ್ದರು.

"ಸೀದಾ ಕೋರ್ಟ್ ಮ್ಯಾರೇಜ್ ಮಾಡೋಣ ನಾ? ಸಿಂಪಲ್ ಹೈ," ಅಂದ ಸೃಜನ್. ಅವನ ಕನ್ನಡ ದಾದರ್ ಸ್ಟೇಷನ್ ಇದ್ದಂತೆ, ಎಲ್ಲ ಲೈನುಗಳೂ ಬಂದು ಸೇರುತ್ತವೆ.

ಸಿಂಪಲ್ ನಿಜ. ಆದರೆ ಅಮ್ಮ ಮೊದಲೇ ಹೇಳಿದ್ದಳು. "ನೀನು ಕಲ್ತವಳು, ಮಾಡಿಕೋ. ನಾನು ತಡೆಯುದಿಲ್ಲ. ಆದ್ರೆ ನಾನು ಬರುದಿಲ್ಲ." ಅವಳು ಬಾರದ ಮದುವೆ ನನಗೆ ಬೇಡವಾಗಿತ್ತು. ಸೃಜನ್ ಇಲ್ಲದ ಮುಂದಿನ ದಿನಗಳೂ ಬೇಡವಾಗಿದ್ದವು. ಎರಡೂ ಬೇಕು ಎನ್ನುವ ಹಟ ನನಗೆ ಚಿಕ್ಕಂದಿನಿಂದ ಇದೆ.

ಸೋಮವಾರ ಸಪ್ಪೆ ಮುಖ ಹೊತ್ತು ಸಂಸ್ಥೆಗೆ ಹೋದೆ. ನನ್ನ ಗೈಡ್ ಬಸವಂತಪ್ಪ ಸರ್ ವಿಜಯಪುರದ ಕಡೆಯವರು. ಮುಂಬೈಯಲ್ಲಿ ಅರ್ಧ ಆಯುಸ್ಸು ಕಳೆದರೂ ಅವರ ಮಾತಿಗೆ ಇಲ್ಲಿನ ನೀರು ಹತ್ತಿಲ್ಲ.

"ಏನವಾ ಹರಿಣಿ, ಮಾರಿ ಯಾಕ ಸಣ್ಣ ಮಾಡೀದಿ?"

"ಉಳಿಕೆ ಸೊನ್ನೆ ಆಗ್ತಾ ಇಲ್ಲ ಸರ್," ಅಂದೆ. ಅದೂ ಸುಳ್ಳಲ್ಲ. ಕಪ್ಪುಹಲಗೆಯ ಮೇಲೆ ಎಷ್ಟೋ ದಿನದಿಂದ ಒಂದು ಚೌಕ ನಿಂತಿತ್ತು. ಅಡ್ಡಕ್ಕೆ ಜಾಗ, ಮೇಲಕ್ಕೆ ಕಾಲ. ಒಂದು ಮೂಲೆಯಲ್ಲಿ ಪುಟ್ಟ ಬಾಣವೊಂದನ್ನು ಇಟ್ಟುಕೊಂಡು, ಮೊದಲು ಅಡ್ಡ ನಡೆದು ಆಮೇಲೆ ಮೇಲೆ ಹೋಗಬೇಕು. ಇನ್ನೊಮ್ಮೆ ಮೊದಲು ಮೇಲೆ ಹೋಗಿ ಆಮೇಲೆ ಅಡ್ಡ ನಡೆಯಬೇಕು. ಎರಡು ದಾರಿಯಲ್ಲಿ ಬಂದ ಬಾಣಗಳ ನಡುವೆ ಎಷ್ಟು ವ್ಯತ್ಯಾಸ ಉಳಿಯಿತು ಎಂದು ನೋಡಬೇಕು. ಆ ಉಳಿಕೆಯ ಮೇಲೆ ಸರಿಯಾದ ಷರತ್ತು ಹಾಕಿದರೆ ಹೊಗೆಯ ಸಮೀಕರಣ ತಾನಾಗಿ ಹೊರಬರುತ್ತದೆ. ನನಗೆ ಹೊತ್ತೊಯ್ಯುವ ಭಾಗ ಬಂದಿತ್ತು, ಹರಡುವ ಭಾಗ ಬಂದಿತ್ತು, ಬೆಳೆಯುವ ಭಾಗ ಮಾತ್ರ ಬಂದಿರಲಿಲ್ಲ.

ಸರ್ ಹಲಗೆ ನೋಡಿದರು.

"ಸೊನ್ನಿ ಆಗಬೇಕಂತ ಯಾರ ಹೇಳ್ಯಾರ ನಿನಗ? ಚಪ್ಪಟಿ ನೆಲದ ಮ್ಯಾಲ ನಡದ್ರ ಸೊನ್ನಿ. ನಿನ್ನ ನೆಲ ಬಾಗೇತಿ. ಬಾಗಿದ ನೆಲದ ಮ್ಯಾಲ ಬಾಣ ಸುತ್ತಿ ಬಂದ್ರ ಸ್ವಲ್ಪ ತಿರಗೇ ತಿರಗತೈತಿ. ಆ ತಿರುವು ಸುತ್ತಿದ ಜಾಗಕ್ಕ ತಕ್ಕಷ್ಟು, ಎಲ್ಲಾ ಕಡೆ ಒಂದ ಲೆಕ್ಕದಾಗ ಇದ್ರ ಸಾಕು."

ನಾನು ಸೊನ್ನೆ ಒರೆಸಿ ಅವರು ಹೇಳಿದ್ದನ್ನು ಬರೆದೆ. ಸಾಲು ಸಾಲಾಗಿ ಬಿಡಿಸುತ್ತ ಬಂದಂತೆ ಮೂರನೆಯ ಭಾಗವೂ ಬಂದು ತನ್ನ ಜಾಗದಲ್ಲಿ ಕೂತಿತು. ಬೇರೆ ದಿನವಾಗಿದ್ದರೆ ಕುಣಿದಿರುತ್ತಿದ್ದೆ.

"ಬಂತಲ್ಲ! ಮತ್ತ ಇನ್ನೂ ಯಾಕ ಮಾರಿ ಹಂಗ?"

ಹೇಳಿಬಿಟ್ಟೆ. ಅಕ್ಕ, ಅಣ್ಣ, ಮಾಮ, ದೊಡ್ಡಮ್ಮ ಎಲ್ಲ. ಸರ್ ಕೈಯಲ್ಲಿದ್ದ ಸೀಮೆಸುಣ್ಣ ಬೀಳುವಷ್ಟು ನಕ್ಕರು.

"ಎರಡು ದಾರಿ, ಎರಡು ಉತ್ತರ! ದೊಡ್ಡ ಸುತ್ತಿನಾಗ ಉಳಿಕೆ ಬಂತಂದ್ರ ಏನ ಮಾಡತೀವಿ ನಾವು? ಅದನ್ನ ಸಣ್ಣ ಸಣ್ಣ ಸುತ್ತಾಗಿ ಕತ್ತರಸತೀವಿ. ಯಾವುದು ಕೂಡಂಗಿಲ್ಲ ಅಂತ ಒಂದೊಂದ ನೋಡತೀವಿ. ಹೋಗು, ಮನಿಯಾಗೂ ಹಂಗ ಮಾಡು."

ಲೋಕಲಿನಲ್ಲಿ ಸೀಟು ಸಿಕ್ಕಿತು. ಕಣ್ಣು ಮುಚ್ಚಿ ಕತ್ತರಿಸಲು ಶುರುಮಾಡಿದೆ. ನಾನು, ಅಮ್ಮ, ಅಪ್ಪ: ಈ ಸುತ್ತು ಕೂಡುತ್ತದೆ. ಸೃಜನ್, ಮಾಮ, ದೊಡ್ಡಮ್ಮ: ಇದೂ ಕೂಡುತ್ತದೆ. ಉಳಿದದ್ದು ಅಮ್ಮ, ಮಾಮ, ದೊಡ್ಡಮ್ಮ. ಕುರ್ಲಾ ಬರುವಷ್ಟರಲ್ಲಿ ಉಳಿಕೆ ಕೂತ ಜಾಗ ಸಿಕ್ಕಿಬಿಟ್ಟಿತು. ಗಟ್ಟಿಯಾಗಿ ನಕ್ಕೆ. ಪಕ್ಕದಲ್ಲಿ ಬಟಾಣಿ ಸುಲಿಯುತ್ತಿದ್ದ ಹೆಂಗಸು ಸ್ವಲ್ಪ ಸರಿದು ಕೂತಳು.

ಭಾನುವಾರ ಮಾಮ ಹೆಂಡತಿಯನ್ನೂ ಮಗನನ್ನೂ ಕರೆದುಕೊಂಡು ನಮ್ಮಲ್ಲಿಗೆ ಬಂದರು. ಇವತ್ತು ಇತ್ಯರ್ಥ ಆಗಲೇಬೇಕು ಎಂದು ಬಂದದ್ದು. ದೊಡ್ಡಮ್ಮ ಮದುವೆ ಮುರಿಯಲು ಬಂದರೂ ಬರಿಗೈಯಲ್ಲಿ ಬಂದಿರಲಿಲ್ಲ. ಮುಲುಂಡ್ ಮಾರ್ಕೆಟಿನಿಂದ ಬಂಗುಡೆ ಆರಿಸಿ ತಂದಿದ್ದರು. ಅಮ್ಮ ಮಸಾಲೆ ಅರೆದಿಟ್ಟು ಕಾಯುತ್ತಿದ್ದಳು. ಇಬ್ಬರೂ ಕಣ್ಣೊರೆಸಿಕೊಳ್ಳುತ್ತಲೇ ಮೀನು ಹೆಚ್ಚಿದರು.

ಎಲ್ಲರೂ ಕೂತ ಮೇಲೆ ನಾನು ಮೇಜಿನ ಮೇಲೆ ಮೂರು ಸ್ಟೀಲ್ ಲೋಟ ಇಟ್ಟೆ.

"ಇದು ಅಮ್ಮ, ಇದು ಮಾಮ, ಇದು ದೊಡ್ಡಮ್ಮ. ಅಮ್ಮ, ಮಾಮ ನಿನಗೆ ಏನು?"

"ಅಣ್ಣ," ಅಂದಳು ಅಮ್ಮ.

"ದೊಡ್ಡಮ್ಮ?"

"ಅಕ್ಕ. ಇದೆಲ್ಲ ಗೊತ್ತಿದ್ದದ್ದೇ ಅಲ್ವಾ?"

"ಹಾಗಾದ್ರೆ ನಿನ್ನ ಅಣ್ಣನೂ ನಿನ್ನ ಅಕ್ಕನೂ ಒಬ್ಬರಿಗೊಬ್ಬರು ಏನಾಗಬೇಕು?"

ಪೇಪರು ಮೆಲ್ಲಗೆ ಕೆಳಗಿಳಿದು ಅಪ್ಪನ ಕಣ್ಣುಗಳು ಕಂಡವು. ಮೊದಲು ಹೊಳೆದದ್ದು ಮಾಮನಿಗೆ.

"ಅಯ್ಯೋ ಶಿವನೇ! ಇಷ್ಟು ವರ್ಷ ನಾನು ನನ್ನ ತಂಗಿಯೊಟ್ಟಿಗೆ ಸಂಸಾರ ಮಾಡಿದ್ದಾ?"

"ಥೂ! ಬಾಯಿ ಮುಚ್ಚಿ ನೀವು!" ದೊಡ್ಡಮ್ಮ ಸೆರಗಿನಿಂದ ಅವರ ಭುಜಕ್ಕೆ ಹೊಡೆದರು. ಆದರೆ ಅವರ ಮುಖವೂ ಪೆಚ್ಚಾಗಿತ್ತು.

ಹೇಗಾಯಿತು ಇದು? ತಪ್ಪು ಮಾಡುವವರು ಮುಂಬೈಗೆ ಬಂದ ನಮ್ಮಂಥವರೇ. ಊರಲ್ಲಾಗಿದ್ದರೆ ಹುಟ್ಟುವ ಮೊದಲೇ ಯಾರು ಯಾರಿಗೆ ಏನು ಎಂದು ತೀರ್ಮಾನವಾಗಿರುತ್ತದೆ. ಇಲ್ಲಿ ನೆಂಟರನ್ನು ಒಬ್ಬೊಬ್ಬರನ್ನಾಗಿ ಸಂಪಾದಿಸಬೇಕು. ಅಮ್ಮ ಮದುವೆಯಾಗಿ ಬಂದ ಹೊಸತರಲ್ಲಿ ಹಿಂದಿ ಬಾರದೆ ನಲ್ಲಿಯ ಸಾಲಿನಲ್ಲಿ ಕೊಡ ಹಿಡಿದು ಅಳುತ್ತ ನಿಂತಿದ್ದಳಂತೆ. ದೊಡ್ಡಮ್ಮ ಬಂದು ಕೊಡ ಕಸಿದುಕೊಂಡು, "ಯೇ ಮೇರಾ ತಂಗಿ ಹೈ" ಎಂದು ಸಾಲಿನವರಿಗೆಲ್ಲ ಗದರಿಸಿ ನೀರು ಹಿಡಿದುಕೊಟ್ಟರು. ಅಂದಿನಿಂದ ಅಕ್ಕ. ಆಮೇಲೆ ಅಪ್ಪ ಕಾಮಾಲೆಯಾಗಿ ಮಲಗಿದಾಗ ಮಾಮ ಫೋರ್ಟಿನಿಂದ ದಿನಾ ಗಂಜಿ ತಂದು, "ಅಣ್ಣ ಇದ್ದೇನೆ, ಹೆದರಬೇಡ" ಅಂದರು. ಅಂದಿನಿಂದ ಅಣ್ಣ. ಎರಡೂ ಬೇರೆ ಬೇರೆ ದಿನ ಗಳಿಸಿದ್ದು. ಅವರು ಗಂಡ ಹೆಂಡತಿ, ಎರಡು ಹೆಸರೂ ತಾಳೆಯಾಗಬೇಕು ಎಂದು ಯಾರಿಗೂ ತೋಚಲಿಲ್ಲ.

"ಒಂದನ್ನು ಬಿಡಬೇಕು," ಅಂದೆ ನಾನು. ಗೆದ್ದ ಹುರುಪಿನಲ್ಲಿದ್ದೆ. "ಅಕ್ಕ ಉಳಿದರೆ ಮಾಮ ಭಾವ ಆಗ್ತಾರೆ. ಆಗ ಸೃಜನ್ ನನಗೆ ಅಣ್ಣ, ಮದುವೆ ಇಲ್ಲ. ಅಣ್ಣ ಉಳಿದರೆ ದೊಡ್ಡಮ್ಮ ಅತ್ತಿಗೆ ಆಗ್ತಾರೆ. ಆಗ ಸೃಜನ್ ಮಾಮನ ಮಗ. ಸುತ್ತು ಕೂಡ್ತದೆ, ಉಳಿಕೆ ಸೊನ್ನೆ. ಅಮ್ಮ, ನೀನು ಒಂದೇ ಒಂದು ಮಾತು ಬದಲಿಸಿದರೆ ಸಾಕು."

ಮಾಮ ಚಪ್ಪಾಳೆ ತಟ್ಟಿದರು. ಸೃಜನ್ "ಕ್ಯಾ ಬಾತ್ ಹೈ!" ಅಂದ. ನಾನು ಅಮ್ಮನ ಕಡೆ ತಿರುಗಿದೆ.

ಅವಳು ಮೂರನೆಯ ಲೋಟವನ್ನೇ ನೋಡುತ್ತಿದ್ದಳು. ಆಮೇಲೆ ಎದ್ದು ಅಡುಗೆಮನೆಗೆ ಹೋದಳು. ಒಂದು ಮಾತು ಎಂದು ನಾನು ಸಲೀಸಾಗಿ ಹೇಳಿದ್ದೆ. ಈ ಊರಿನಲ್ಲಿ ಅಮ್ಮ ಸಂಪಾದಿಸಿದ ಮೊದಲ ಆಸ್ತಿ ಆ ಮಾತೇ ಎಂದು ನನಗೆ ಆಗ ಹೊಳೆಯಿತು. ನನ್ನ ಹುರುಪೆಲ್ಲ ಇಳಿದುಹೋಯಿತು. ಹೋಗಿ ಬೇಡ ಅನ್ನಬೇಕೆಂದು ಎದ್ದೆ. ಅಷ್ಟರಲ್ಲಿ ದೊಡ್ಡಮ್ಮ ನನ್ನ ಕೈ ಹಿಡಿದು ಕೂರಿಸಿ ತಾವೇ ಒಳಗೆ ಹೋದರು.

ನಮ್ಮ ಮನೆಯಲ್ಲಿ ಅಡುಗೆಮನೆಯ ಗುಟ್ಟು ಹಾಲಿಗೆ ಕೇಳದೆ ಇರುವಷ್ಟು ಜಾಗವಿಲ್ಲ.

"ಎಂತಕ್ಕೆ ಅಳುದು ಮೋಹಿನೀ? ಅತ್ತಿಗೆ ಆದ್ರೆ ನಾನು ನಿನ್ನ ಬಾಗಿಲಿಗೆ ಬರುದಿಲ್ವಾ?"

"ಹಾಗಲ್ಲ ಅಕ್ಕ. ಈ ಊರಲ್ಲಿ ನಂಗೆ ಯಾರೂ ಇರ್ಲಿಲ್ಲ. ಮೊದ್ಲು ಸಿಕ್ಕಿದ್ದು ನೀನು. ಅತ್ತಿಗೆ ನಾದಿನಿ ಅಂದ್ರೆ ಮಾತಿಗೆ ಮಾತು ಹುಟ್ತದೆ. ಮೇಲಿಂದ ನೀನು ಗಂಡಿನ ಕಡೆಯವಳು ಬೇರೆ. ನಾಳೆ ನಿನ್ನೆದುರು ನಾನು ಕೈ ಕಟ್ಟಿ ನಿಲ್ಬೇಕಾ?"

"ನಂಗೂ ಅದೇ ಹೆದರಿಕೆ," ಅಂದರು ದೊಡ್ಡಮ್ಮ. ಅವರ ದನಿ ಒಡೆದದ್ದನ್ನು ನಾನು ಅದೇ ಮೊದಲು ಕೇಳಿದ್ದು. "ಇಷ್ಟು ದಿನ ಬೇಡ ಬೇಡ ಅಂದದ್ದು ಮತ್ತೆಂತಕ್ಕೆ? ಸೊಸೆ ಬರ್ತಾಳೆ, ತಂಗಿ ಹೋಗ್ತಾಳೆ ಅಂತ."

ಬಂಗುಡೆ ಎಣ್ಣೆಗೆ ಬಿದ್ದು ಚಟಪಟ ಅಂದಿತು. ಮಾಮ ಅಡುಗೆಮನೆಯ ಕಡೆಗೆ ಕಿವಿ ಚಾಚಿದರು.

"ಒಂದು ಕೆಲ್ಸ ಮಾಡುವ," ಅಂದರು ದೊಡ್ಡಮ್ಮ. "ನಾಲ್ಕು ಜನರೆದುರು ಅತ್ತಿಗೆ. ಮಕ್ಕಳಿಗೋಸ್ಕರ. ಈ ಒಲೆಯೆದುರು ಅಕ್ಕ. ನನ್ನ ಮನೆ ಒಲೆಯೆದುರೂ ಅಕ್ಕ. ಎಲ್ಲಿ ಒಲೆ ಉಂಟೋ ಅಲ್ಲೆಲ್ಲ ಹಾಗೇ. ನಮ್ಮಿಬ್ಬರಿಗೆ ಗೊತ್ತಿದ್ರೆ ಸಾಕು."

"ನಮಗೂ ಗೊತ್ತಾಯ್ತು!" ಎಂದು ಮಾಮ ಹಾಲಿನಿಂದ ಕೂಗಿದರು.

ಒಳಗೆ ಮೂಗು ಒರೆಸುವ ಸದ್ದು, ಆಮೇಲೆ ನಗುವ ಸದ್ದು. ಊಟಕ್ಕೆ ಕೂತೆವು. ಅಮ್ಮ ಹುರಿದ ಬಂಗುಡೆಯ ತಟ್ಟೆ ಹಿಡಿದು ಬಂದು ದೊಡ್ಡಮ್ಮನ ಮುಂದೆ ನಿಂತಳು. ಬಾಯಿ ತೆರೆದಳು, ಮುಚ್ಚಿದಳು. ಅಪ್ಪ ಪೇಪರನ್ನು ಮಡಿಸಿ ಪೂರ್ತಿ ಕೆಳಗಿಟ್ಟರು.

"ಅತ್ತಿಗೆ," ಅಂದಳು ಅಮ್ಮ. "ನಿಮಗೆ ಇನ್ನೊಂದು ಹಾಕ್ಲಾ?"

ಆ 'ನಿಮಗೆ' ಅನ್ನುವುದಕ್ಕೆ ಅವಳು ಪಟ್ಟ ಕಷ್ಟ ಎಲ್ಲರಿಗೂ ಕಂಡಿತು. ದೊಡ್ಡಮ್ಮನ ಕಣ್ಣಲ್ಲಿ ನೀರು ಬಂತು. "ಹಾಕು ನಾದಿನಿ. ಆದ್ರೆ ತಲೆ ಭಾಗ ಬೇಡ," ಅಂದರು ಗಂಡಿನ ಕಡೆಯ ಗತ್ತಿನಲ್ಲಿ. ನಗು ತಡೆಯಲಾಗದೆ ಇಬ್ಬರೂ ಅಲ್ಲೇ ನಕ್ಕರು.

"ನಂಗೆ ತಲೆ ಭಾಗವೂ ಆಗ್ತದೆ," ಅಂದರು ಮಾಮ.

"ಅಣ್ಣ, ನಿಮಗೆ ಡಾಕ್ಟರು ಹುರಿದದ್ದು ಬೇಡ ಅಂದಿದ್ದಾರೆ."

ಈಗ ನನ್ನ ಸರದಿ. ಅಮ್ಮ ಒಂದು ಮಾತು ಬದಲಿಸಿದರೆ ನಾನೂ ಒಂದು ಬದಲಿಸಬೇಕಲ್ಲ. ಕೂತಲ್ಲೇ ತಾಳೆ ನೋಡಿದೆ. ಮಾಮನ ಹೆಂಡತಿ ನನಗೆ ಅತ್ತೆ. ಗಂಡನ ತಾಯಿಯೂ ಅತ್ತೆ. ಎರಡು ದಾರಿ, ಒಂದೇ ಉತ್ತರ. ಇಷ್ಟು ಚೊಕ್ಕವಾದ ಸುತ್ತು ನನ್ನ ಥೀಸಿಸ್‌ನಲ್ಲೂ ಇಲ್ಲ.

"ಅತ್ತೇ, ಆ ಉಪ್ಪಿನಕಾಯಿ ಈಚೆ ಕೊಡ್ತೀರಾ?" ಅಂದೆ.

ದೊಡ್ಡಮ್ಮ ಉಪ್ಪಿನಕಾಯಿ ಕೊಡುವುದನ್ನು ಮರೆತು ನನ್ನ ಗಲ್ಲ ಹಿಡಿದುಕೊಂಡರು. ಅವರ ಕೈಯ ಮೀನಿನ ಮಸಾಲೆ ನನ್ನ ಮುಖಕ್ಕೆಲ್ಲ ಹತ್ತಿತು. ಸೃಜನ್‌ಗೆ ಏನಾಯಿತೆಂದು ಪೂರ್ತಿ ಅರ್ಥವಾಗಿರಲಿಲ್ಲ. ಆದರೂ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ.

ಅಷ್ಟರಲ್ಲಿ ಅಡುಗೆಮನೆಯಿಂದ ಸುಟ್ಟ ವಾಸನೆ ಬಂತು. ಅಮ್ಮ ಒಳಗೆ ಓಡಿದಳು. ಪಾತ್ರೆ ಬಿದ್ದ ಸದ್ದಾಯಿತು.

"ಅಕ್ಕಾ! ಬೇಗ ಬಾ! ಎಲ್ಲ ಕರಟಿ ಹೋಯ್ತು!"

ದೊಡ್ಡಮ್ಮ ಎಂಜಲು ಕೈಯಲ್ಲೇ ಎದ್ದು ಓಡಿದರು. "ಬಂದೆ ಮೋಹಿನೀ! ಬೆಂಕಿ ಸಣ್ಣ ಮಾಡು ಅಂತ ಎಷ್ಟು ಸಲ ಹೇಳುದು ನಿಂಗೆ!"

ಮಾಮ ಮೂರು ಲೋಟಗಳನ್ನೂ ನನ್ನನ್ನೂ ನೋಡಿದರು. ಅದೇ ಸಮಯ ಸಾಧಿಸಿ ಅಮ್ಮನ ತಟ್ಟೆಯಿಂದ ಒಂದು ಬಂಗುಡೆ ಎತ್ತಿಕೊಂಡು ಕೇಳಿದರು.

"ಹರಿಣೀ, ನಿನ್ನ ಲೆಕ್ಕ ಪುನಃ ತಪ್ಪಿತಲ್ಲ?"

"ಇಲ್ಲ ಮಾಮ," ಅಂದೆ. "ಇಷ್ಟು ಉಳಿಕೆ ಇರಬೇಕು. ಎಲ್ಲ ಒಲೆಯೆದುರೂ ಒಂದೇ ಲೆಕ್ಕದಲ್ಲಿ ಇದ್ದರೆ ಸಾಕು."